ಮಾವನ ಬೆನ್ನಿನ ಚೀಲ

ಮಸ್ಕಿಯ ನಮ್ಮ ಅಕ್ಕಿ ಅಂಗಡಿಯ ಮುಂದೆ ಒಂದು ಸಣ್ಣ ಸರಕು ಗಾಡಿ ತಾಡಪತ್ರಿ ಹೊದ್ದುಕೊಂಡು ನಿಂತಿದೆ. ಎರಡು ರಾಜ್ಯಗಳಿಗೆ ಜೀವಮಾನದ ತೆರಿಗೆ ಕಟ್ಟಿದ ಗಾಡಿ ಅದು. ಒಂದು ಗಾಡಿಗೆ ಎಷ್ಟು ಜೀವ ಎಂದು ಯಾರಾದರೂ ಕೇಳಿದರೆ, ಎರಡು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ರಸೀದಿಗಳಿವೆ. ಗಾಡಿ ಕೆಟ್ಟಿಲ್ಲ. ಬ್ಯಾಟರಿ ಸಾಯದಿರಲೆಂದು ವಾರಕ್ಕೊಮ್ಮೆ ನಾನೇ ಕೀಲಿ ತಿರುವಿ, ಹತ್ತು ನಿಮಿಷ ಹಾಗೇ ಗುರುಗುಟ್ಟಲು ಬಿಟ್ಟು, ಮತ್ತೆ ಆರಿಸುತ್ತೇನೆ. ಪಕ್ಕದ ಬಟ್ಟೆ ಅಂಗಡಿಯವರು ತಲೆ ಹೊರಗೆ ಹಾಕಿ, "ಎಲ್ಲಿಗ್ರೀ ಸವಾರಿ?" ಎನ್ನುತ್ತಾರೆ. "ಇಲ್ಲೇರಿ" ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗುವೂ ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದಿರುತ್ತದಲ್ಲ, ಮುಟ್ಟಿ ನೋಡಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ.

ಗಾಡಿ ಹೇಗೆ ಬಂತೆಂದು ಮೊದಲು ಹೇಳಬೇಕು.

ವಾರಕ್ಕೆ ಎರಡು ಸಲ ಸಿಂಧನೂರಿನಿಂದ ಅಕ್ಕಿ ತರುವುದು ನನ್ನ ವ್ಯಾಪಾರದ ಅರ್ಧ ಕೆಲಸ. ಬಾಡಿಗೆ ಟೆಂಪೊದವರು ತಮ್ಮ ಪಾಳಿ ಇದ್ದಾಗ ಬರುತ್ತಿದ್ದರು, ಇಲ್ಲದಾಗ ಫೋನು ಎತ್ತುತ್ತಿರಲಿಲ್ಲ. ಗಿರಾಕಿ ಬಂದು, ಕೂತು, ನೀರು ಕುಡಿದು ಎದ್ದು ಹೋದ ಮೇಲೆ ಅಕ್ಕಿ ಬರುವುದು. ಇದನ್ನೆಲ್ಲ ನೋಡಿದ ನನ್ನ ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತ, "ನಮ್ಮ ತಂಗಿ ಗಂಡ ಗಾಡಿ ಮಾರಾಕತ್ತಾನಂತ. ಯಾರಿಗೋ ಕೊಡೋ ಬದ್ಲಿ ನೀವ ತಗೋರಿ. ಮನಿ ಮಾಲು ಮನ್ಯಾಗ ಇರತೈತಿ" ಎಂದಳು.

ಆ ಷಡ್ಡಕ ಇರುವುದು ತುಂಗಭದ್ರೆಯ ಆಚೆ, ಆಂಧ್ರದಲ್ಲಿ. ನಮ್ಮ ಕಡೆಯವರಿಗೆ ಹೊಳೆ ಎಂದೂ ಗಡಿಯಾಗಿ ಕಂಡದ್ದಿಲ್ಲ. ಆಚೆಗೆ ಮಗಳನ್ನು ಕೊಡುತ್ತೇವೆ, ಆಚೆಯಿಂದ ಸೊಸೆ ತರುತ್ತೇವೆ. ಕಾಲುವೆಗೆ ನೀರು ಬಿಟ್ಟಾಗ ಆಚೆಯವರು ಬಂದು ಕ್ಯಾಂಪು ಕಟ್ಟಿಕೊಂಡು ಭತ್ತ ಹಚ್ಚಿದರು. ಈಗ ಅವರ ಮೊಮ್ಮಕ್ಕಳು ನಮಗಿಂತ ಚೆನ್ನಾಗಿ ನಮ್ಮ ಮಾತಿನಲ್ಲಿ ಬೈಯುತ್ತಾರೆ. ಹಾಗಿರುವಾಗ ಆಚೆಯ ಗಾಡಿ ತರಲು ಏನು ಯೋಚನೆ? ಷಡ್ಡಕ ಗಾಡಿಯ ಬೆನ್ನು ತಟ್ಟಿ ಹೇಳಿದ: "ಲೈಫ್ ಟ್ಯಾಕ್ಸ್ ಕಟ್ಟೀನಿ ಅಣ್ಣಾ. ಗಾಡಿ ಸಾಯೋತನಕ ಯಾರೂ ನಿನ್ನ ಕೇಳಂಗಿಲ್ಲ. ಏಂ ಕಾದು!" ಏನೂ ಆಗುವುದಿಲ್ಲ ಎಂದು ಅವನು ತೆಲುಗಿನಲ್ಲಿ ಅಂದಾಗ ಅದು ಇನ್ನೂ ಗಟ್ಟಿಯಾಗಿ ಕೇಳಿಸಿತು. ಬೀಗತನ ದಾಟುವ ಹೊಳೆಯನ್ನು ಕಾಗದಪತ್ರವೂ ದಾಟುತ್ತದೆ ಎಂದು ನಾನು ನಂಬಿದೆ. ಊರಲ್ಲಿ ಅರ್ಧ ಜನ ಹಾಗೇ ನಂಬಿ ಓಡಿಸುತ್ತಿದ್ದರು. ಅವರ ಗಾಡಿಗಳನ್ನು ಯಾರೂ ನಿಲ್ಲಿಸಿರಲಿಲ್ಲ. ನನ್ನದನ್ನು ನಿಲ್ಲಿಸಿದರು.

ಸಾರಿಗೆ ಇಲಾಖೆಯವರು ರಸ್ತೆಯಲ್ಲಿ ಕಾಗದ ನೋಡಿ ನೋಟಿಸು ಕೊಟ್ಟ ಮೇಲೆ, ಅವರು ಲಿಂಗಸೂಗೂರಿಗೆ ಕ್ಯಾಂಪು ಬರುವ ದಿನ ಕೇಳಿಕೊಂಡು ಹೋದೆ. ಸಾಲು ಹೊರಗಿನ ಬೇವಿನ ಗಿಡದವರೆಗೂ ಇತ್ತು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಾಗದವನ್ನು ಎರಡು ಸಲ ತಿರುವಿ ನೋಡಿದರು.

"ತೆರಿಗಿ ಕಟ್ಟೇತ್ರೀ ಮೇಡಂ. ಇಲ್ಲಿ ನೋಡ್ರಿ, ಜೀವಮಾನದ್ದು."

"ಅದು ಆ ರಾಜ್ಯಕ್ಕ ಕಟ್ಟಿದ್ದು ರೀ. ಇಲ್ಲಿ ಓಡಸಬೇಕಂದ್ರ ಇಲ್ಲಿಗೂ ಕಟ್ಟಬೇಕು."

"ಮಾರಾಟದ ತೆರಿಗಿ ಒಂದು, ಜೀವಮಾನದ್ದು ಒಂದು, ಈಗ ಇನ್ನೊಂದು ಜೀವಮಾನದ್ದು. ಗಾಡಿ ಒಂದ ಐತ್ರೀ."

"ಗೊತ್ತೈತ್ರೀ. ಅಲ್ಲಿ ಅರ್ಜಿ ಹಾಕ್ರಿ. ಉಳದಿದ್ದು ವಾಪಸ್ ಕೊಡ್ತಾರ."

ನನ್ನ ಹಿಂದೆ ನಿಂತಿದ್ದ ಟ್ರ್ಯಾಕ್ಟರಿನ ಮನುಷ್ಯ ಕುತ್ತಿಗೆ ಚಾಚಿ, "ಕೊಡ್ತಾರ ಯಜಮಾನ್ರ, ಕೊಡ್ತಾರ. ಮುಂದಿನ ಜಲ್ಮದಾಗ. ಅಲ್ಲಿಗೂ ಟ್ಯಾಕ್ಸ್ ಕಟ್ಟಿ ಹೋಗ್ರಿ" ಎಂದ. ಸಾಲೆಲ್ಲ ನಕ್ಕಿತು. ಆ ಹೆಣ್ಣುಮಗಳಿಗೂ ನಗು ಬಂತು, ಆದರೆ ತಡೆದುಕೊಂಡರು. ಅವರು ಕೆಟ್ಟವರಲ್ಲ. ಯಾವ ಕಾಗದಕ್ಕೆ ಯಾವುದನ್ನು ಲಗತ್ತಿಸಬೇಕೆಂದು ಮೂರು ಸಲ ತಾಳ್ಮೆಯಿಂದ ಹೇಳಿಕೊಟ್ಟರು. ಅವರು ಒರಟಾಗಿ ಮಾತಾಡಿದ್ದರೆ ನನಗೂ ಎರಡು ಮಾತು ಆಡಲು ಆಗುತ್ತಿತ್ತು. ಸಿಟ್ಟು ಗಂಟಲವರೆಗೆ ಬಂದು, ಹಾಯಲು ಒಂದು ಮುಖ ಸಿಗದೆ ಮತ್ತೆ ಕೆಳಗಿಳಿಯಿತು.

ಅದರಾಚೆಯ ತಿಂಗಳುಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಆಚೆಯಿಂದ ನಿರಾಕ್ಷೇಪಣ ಪತ್ರ ತರುವುದು, ಅದರ ಮೇಲೆ ಒಂದು ಮುದ್ರೆ ಕಡಿಮೆ ಇದೆಯೆಂದು ಮತ್ತೆ ಹೋಗುವುದು. ಕೊನೆಗೆ ತೆರಿಗೆ ಕಟ್ಟಿ, ಹೊಸ ನಂಬರು ಹಾಕಿಸಿಕೊಂಡು ಲಿಂಗಸೂಗೂರಿನಿಂದ ಮಸ್ಕಿಗೆ ಬರುವಾಗ ರಸ್ತೆಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಹೂ ಬಿಟ್ಟಿದೆ ಎಂದು ಗೊತ್ತಾಯಿತು, ಅಷ್ಟೆ. ಚೆಂದ ಅನ್ನಿಸಲಿಲ್ಲ. ಮನೆಗೆ ಬಂದಾಗ ಹೆಂಡತಿ ಗಾಡಿಗೆ ನಿಂಬೆಹಣ್ಣು ಕಟ್ಟಿ, ಕುಂಕುಮ ಹಚ್ಚಿ, "ಮುಗೀತಲ್ಲ, ಇನ್ನ ಅರಾಮ ಇರ್ರಿ" ಎಂದಳು. ಮುಗಿಯಿತು ಎಂದೇ ನಾನೂ ಅಂದುಕೊಂಡೆ.

ಇನ್ನು ನಮ್ಮ ಮಾವನ ವಿಷಯ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಸಿಂಧನೂರಿನ ಗಂಜ್‌ನಲ್ಲಿ, ಅಂದರೆ ದವಸಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ಹೊರುವ ಹಮಾಲ. ಅವನ ತೋಳಿಗೆ ಕಟ್ಟಿದ ಹಿತ್ತಾಳೆ ಬಿಲ್ಲೆಯ ಮೇಲೆ ಏಳು ಎಂಬ ಸಂಖ್ಯೆ ಇದೆ. ಈಗ ಗಂಜ್‌ನಲ್ಲಿ ನೂರಾರು ಬಿಲ್ಲೆಗಳಿವೆ, ಆದರೆ ಮೊದಲ ಹತ್ತರಲ್ಲಿ ಇನ್ನೂ ತೋಳಿನ ಮೇಲೆ ಉಳಿದಿರುವುದು ಅದೊಂದೇ. ಹಮಾಲರ ಸಂಘ ಕಟ್ಟಿದಾಗ ಗೇಟಿನ ಮುಂದೆ ಅಡ್ಡ ಮಲಗಿದವರಲ್ಲಿ ಅವನೊಬ್ಬ. ಆಗ ಸಾವುಕಾರರು ಕೊಟ್ಟಷ್ಟೇ ಕೂಲಿ, ಚೀಲ ಬಿದ್ದು ಕಾಲು ಮುರಿದರೆ ಅವನ ಕಾಲು, ಅವನ ಕರ್ಮ. ಸಂಘ ಮುರಿಯಬೇಕೆಂದು ಅಂಗಡಿಯವರು ತಮ್ಮ ಆಳುಗಳನ್ನು ಬಿಟ್ಟು ಹಮಾಲರ ಬೆನ್ನ ಮೇಲಿನ ಚೀಲಗಳನ್ನೇ ಎಳೆಸಿಕೊಂಡಿದ್ದರಂತೆ. ಈ ಕಥೆಯನ್ನು ಮಾವ ನಮ್ಮವ್ವನ ಎದುರು ಕೂತು ಹೇಳುತ್ತಿದ್ದ, ಪ್ರತಿ ಸಲ ಬೇರೆ ಥರ. ಒಂದು ಸಲ ಆಳುಗಳು ಹತ್ತು ಜನ, ಇನ್ನೊಂದು ಸಲ ಮೂವತ್ತು. ನಮ್ಮವ್ವ, "ಹೋದ ಸಲಕ್ಕಿಂತ ಮಂದಿ ಹೆಚ್ಚಾಗ್ಯಾರಲ್ಲೋ ತಮ್ಮಾ" ಎಂದರೆ, "ಸುದ್ದಿ ಹಬ್ಬಿತ್ತವ್ವಾ, ಊರೂರಿಂದ ಬಂದಿದ್ರು" ಎನ್ನುತ್ತಿದ್ದ. ನನ್ನ ಮಾತಿಗೆ ಏನಾದರೂ ರುಚಿ ಇದ್ದರೆ ಅದು ಇವರಿಬ್ಬರ ಅಡುಗೆ.

ಅತ್ತೆ ತೀರಿಹೋದ ಮೇಲೆ ಮಾವ ಬಳಗಾನೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಮಗಳು, ಅಳಿಯ ಇಬ್ಬರೂ ಒಳ್ಳೆಯವರು. ದುಡಿಯಬೇಡ ಎಂದು ಅವರು ಹೇಳಿ ಹೇಳಿ ಸಾಕಾಗಿದ್ದಾರೆ. ಆದರೆ ಕೊಟ್ಟ ಮಗಳ ಮನೆಯಲ್ಲಿ ತಂದೆ ಪುಕ್ಕಟೆ ಉಣ್ಣುವುದು ಅವನ ಲೆಕ್ಕದಲ್ಲಿ ಆಗದ ಮಾತು. ದಿನಾ ಮುಂಜಾನೆಯ ಬಸ್ಸಿಗೆ ಸಿಂಧನೂರಿಗೆ ಹೋಗಿ, ಸಂಜೆ ಬರುವಾಗ ಒಂದು ಕಾಯಿಪಲ್ಲೆ ಚೀಲವೋ, ಮೊಮ್ಮಕ್ಕಳಿಗೆ ಮಿರ್ಚಿ ಪೊಟ್ಟಣವೋ ಹಿಡಿದು ಹೊಸ್ತಿಲು ದಾಟಿದರೆ ಮಾತ್ರ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತದೆ. ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ನೋಡಲು ಹೋಗಿದ್ದೆ. ಗಂಜಿ ಬಟ್ಟಲು ಪಕ್ಕಕ್ಕೆ ಸರಿಸಿ, "ಬಿಲ್ಲೆ ಇರೋತನಕ ನಾ ಇಲ್ಲಿ ಬೀಗ ಲೇ ಅಳಿಯಾ. ಬಿಲ್ಲೆ ಹೋದ ದಿನ ಬಿದ್ಕೊಂಡಿರೋ ಮುದುಕ" ಎಂದಿದ್ದ.

ಹೊಸ ನಂಬರು ಹಾಕಿಸಿದ ಆ ವಾರದ ಶುಕ್ರವಾರ ಮುಂಜಾನೆ ಗಾಡಿ ತೆಗೆದುಕೊಂಡು ಸಿಂಧನೂರಿಗೆ ಹೋದೆ. ಗಂಜ್‌ನ ಗೇಟಿನಲ್ಲೇ ಮೇಸ್ತ್ರಿ ಸಿಕ್ಕ. ಮಾವ ದುಡಿಯುವ ಟೋಳಿಗೆ, ಎಂದರೆ ಏಳೆಂಟು ಜನರ ಗುಂಪಿಗೆ, ಅವನೇ ಮುಖಂಡ. ಸಂಘದಲ್ಲೂ ಅವನ ಮಾತು ನಡೆಯುತ್ತದೆ. ತಲೆಗೆ ಟವಲು, ಜೇಬಿನಲ್ಲಿ ಎರಡು ಫೋನು.

"ಏನ್ ಸಾವ್ಕಾರ್ರ, ಹೊಸ ಗಾಡಿ! ಪೇಡೆ ಎಲ್ಲಿ?"

"ಹಳೇದಪಾ. ನಂಬರ್ ಅಷ್ಟ ಹೊಸಾದು."

"ಯಾವ್ದರ ಇರಲಿ. ಸ್ವಂತ ಗಾಡಿ ಗೇಟಿನೊಳಗ ಬಂದ್ರ ಸಂಘದ ಚೀಟಿ ಮಾಡಸ್ಬೇಕ್ರಿ."

"ಇದೂ ಜೀವಮಾನದ್ದೇನು?"

"ಇಲ್ರೀ, ವರ್ಷಾ ವರ್ಷಾ. ನಾವೇನು ಸರಕಾರ ಅಲ್ಲ, ಅಷ್ಟು ದೂರದ ಮಾತು ಹೇಳಂಗಿಲ್ಲ."

ಚೀಟಿ ಮಾಡಿಸಿದೆ. ನಾನು ಅಕ್ಕಿ ಕೊಳ್ಳುವ ಅಂಗಡಿಯ ಮುಂದೆ ಗಾಡಿ ಹಿಮ್ಮುಖವಾಗಿ ಹಚ್ಚಿದೆ. ಟೋಳಿಯವರು ಆಗ ತಾನೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಕೈ ಒರೆಸಿಕೊಳ್ಳುತ್ತಿದ್ದರು. "ಇಪ್ಪತ್ತು ಚೀಲ ಅಷ್ಟ ಐತಿ. ನಾನೇ ಹಾಕ್ಕೊಂತೀನಿ ಬಿಡ್ರಿ" ಎಂದೆ. ಮೇಸ್ತ್ರಿ, "ಹಾಕ್ಕೋರಿ, ಬ್ಯಾಡ ಅನ್ನೋರ್ಯಾರು? ಹಮಾಲಿ ಕೊಟ್ಟು ಹಾಕ್ಕೋರಿ. ಆದ್ರ ಗಂಜ್‌ನ್ಯಾಗ ಚೀಲಕ್ಕ ಹೊರಗಿನವರ ಕೈ ಹತ್ತಂಗಿಲ್ಲ, ಅದೊಂದು ಐತಿ" ಎಂದ. ನಾನು ಎತ್ತಿದರೂ ಕೂಲಿ ಅವರಿಗೆ, ಮೇಲೆ ನಾನು ಎತ್ತುವಂತೆಯೂ ಇಲ್ಲ. ಲಿಂಗಸೂಗೂರಿನ ಸಾಲು ನೆನಪಾಯಿತು. ಅಲ್ಲೂ ಹೀಗೇ, ಯಾರೂ ದನಿ ಏರಿಸಿರಲಿಲ್ಲ. ಹೋಗಿ ಗಾಡಿಯ ಪಕ್ಕ ನಿಂತೆ.

ಅವರು ಐವತ್ತು ಕಿಲೋದ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು ಒಬ್ಬರ ಹಿಂದೊಬ್ಬರು ಬರತೊಡಗಿದರು. ಸಾಲಿನ ಕೊನೆಯವ ಮಾವ. ಮೊದಲ ಸುತ್ತು ಬಂದು ಚೀಲ ಗಾಡಿಗೆ ಒಗೆದು, "ಅಳಿಯಾ, ನಿನ್ನ ಗಾಡೀನೂ ನಿನ್ನಂಗ ಐತಿ ನೋಡು, ಮಾತು ಬಾಳ, ಜಾಗ ಕಡಿಮಿ" ಎಂದು ಹೋದ. ಎರಡನೇ ಸುತ್ತಿನಲ್ಲಿ ಏನೂ ಅನ್ನಲಿಲ್ಲ. ಮೂರನೆಯದರಲ್ಲಿ ತಕ್ಕಡಿ ದಾಟಿ ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟ. ಬಲ ಮೊಣಕಾಲು ನಡುಗುತ್ತಿತ್ತು. ಧೋತರದ ಅಂಚು ಅಲುಗುವುದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು.

ಆಗ ಉಳಿದವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಒಬ್ಬ ತಲೆಯ ಟವಲು ಬಿಚ್ಚಿ ಮತ್ತೆ ಕಟ್ಟತೊಡಗಿದ. ಒಬ್ಬ ಗೋಡೆ ಕಡೆ ತಿರುಗಿ ಎಲೆಯಡಿಕೆ ಉಗುಳಿದ. ಮೇಸ್ತ್ರಿ ಫೋನಿನಲ್ಲಿ ಮುಖ ಹುಗಿದ. ಅರವತ್ತು ದಾಟಿ ಎಷ್ಟೋ ವರ್ಷವಾದ ಮನುಷ್ಯ ಚೀಲದ ಕೆಳಗೆ ನಡುಗುತ್ತಿದ್ದಾನೆ, ಇಷ್ಟು ಜನರಲ್ಲಿ ಒಬ್ಬನೂ ಆ ಕಡೆ ನೋಡುತ್ತಿಲ್ಲ. ಎಂಥ ಸಂಘ ಇದು ಅನ್ನಿಸಿತು. ಅನ್ನಿಸುವಷ್ಟರಲ್ಲಿ ನನ್ನ ಕಾಲು ನಡೆದಿತ್ತು. ಹೋಗಿ ಮಾವನ ಬೆನ್ನ ಮೇಲಿನ ಚೀಲ ಎಳೆದು ನನ್ನ ಹೆಗಲಿಗೆ ಹಾಕಿಕೊಂಡು, ತಂದು ಗಾಡಿಯಲ್ಲಿ ಒಗೆದೆ.

ತಿರುಗಿ ನೋಡಿದಾಗ ಎಲ್ಲರೂ ನಿಂತಿದ್ದರು. ಮಾವನ ಬೆನ್ನು ಚೀಲ ಇಲ್ಲದೆಯೂ ಹಾಗೇ ಬಾಗಿತ್ತು.

"ಏನ್ ಮಾಡಿದೆಲೇ ಅಳಿಯಾ" ಎಂದ. ಬೈಗುಳದ ದನಿಯಲ್ಲ. ಏನೋ ಕೈ ಜಾರಿ ಬಿದ್ದಾಗ ಕೇಳುವ ದನಿ.

ತಕ್ಕಡಿಯ ಹತ್ತಿರ ಕೂತಿದ್ದ ಅಂಗಡಿಯ ಗುಮಾಸ್ತ ಕನ್ನಡಕ ಮೇಲೇರಿಸಿದ. "ಏನ್ ಯಜಮಾನಾ, ಹೊರಾಕ ಆಗವಲ್ದೇನು? ಹೇಳಬೇಕಪಾ. ನಾಳೆ ಬಿದ್ದುಗಿದ್ದಿ, ನಮ್ಮ ಅಂಗಡಿ ಮ್ಯಾಲ ಬರತೈತಿ."

ಮೇಸ್ತ್ರಿ ಫೋನು ಜೇಬಿಗೆ ಹಾಕಿ ಒಂದೇ ಮಾತು ಕೂಗಿದ: "ಕೆಲಸ ಬಂದ್!"

ಮಾವನ ಟೋಳಿ ಕೂತಿತು. ಪಕ್ಕದ ಅಂಗಡಿಯ ಟೋಳಿ ಯಾಕೆಂದು ಕೇಳದೆ ಕೂತಿತು. ಅದನ್ನು ನೋಡಿ ಆಚೆಯದು. ಸ್ವಲ್ಪ ಹೊತ್ತಿಗೆ ಗಂಜ್ ತುಂಬ ಚೀಲಗಳು ಎಲ್ಲಿದ್ದವೋ ಅಲ್ಲೇ ಇದ್ದವು, ಲಾರಿಗಳು ಅರ್ಧ ತುಂಬಿ ನಿಂತಿದ್ದವು, ಗುಬ್ಬಿಗಳು ಧೈರ್ಯವಾಗಿ ರಾಶಿಗೆ ಇಳಿದವು. ನೂರಾರು ಜನ ಸುಮ್ಮನೆ ಕೂತರೆ ಎಷ್ಟು ಸದ್ದು ಎಂದು ಅವತ್ತು ಕೇಳಿದೆ.

ಮೇಸ್ತ್ರಿ ನನ್ನನ್ನು ಚಹಾದಂಗಡಿಗೆ ಕರೆದುಕೊಂಡು ಹೋದ. ಚಹಾ ತರಿಸಿದ, ದುಡ್ಡು ಅವನೇ ಕೊಟ್ಟ.

"ಸಾವ್ಕಾರ್ರ, ನಾವು ಆ ಕಡಿ ಯಾಕ ನೋಡ್ಲಿಲ್ಲ ಅಂತ ತಿಳ್ಕೊಂಡ್ರಿ?"

"ಕರುಳಿಲ್ಲ ಅಂತ."

"ಹೌದು, ಹಂಗ ಕಾಣತೈತಿ." ಬಸಿ ಕೆಳಗಿಟ್ಟ. "ಎರಡು ವರ್ಷ ಆತು, ಯಜಮಾನ ಅಲ್ಲೇ ನಿಂದ್ರತಾನ. ತಕ್ಕಡಿ ದಾಟಿ ನಾಕ ಹೆಜ್ಜಿಗೆ. ಐವತ್ತು ಎಣಸೂದ್ರಾಗ ಮತ್ತ ನಡೀತಾನ. ನಾವು ನೋಡಿಲ್ಲಂದ್ರ ನಿಂತಿಲ್ಲ ಅಂತ. ನಾವು ತಿರಿಗಿ ನಿಂತಿದ್ದು ಗುಮಾಸ್ತನ ಕಣ್ಣಿಗೆ ಅಡ್ಡ. ನೀವು ಬಂದು ಚೀಲ ಇಳಿಸಿ ಇಡೀ ಗಂಜ್‌ಗೆ ತೋರಿಸಿದ್ರಿ."

ಅವನು ಸಂಘದ ಹಳೆಯ ಕಾನೂನು ಹೇಳಿದ. ಬೆನ್ನ ಮೇಲಿನ ಚೀಲ ಬೇರೆಯವನ ಕೈಗೆ ಹೋದರೆ ಒಂದೇ ಪ್ರಶ್ನೆ: ಕೊಟ್ಟನೋ, ಕಸಿದುಕೊಂಡರೋ? ಆಗದೆ ಕೊಟ್ಟಿದ್ದರೆ ಅವನ ಬಿಲ್ಲೆ ವಾಪಸ್. ಕಸಿದುಕೊಂಡಿದ್ದರೆ ಕಸಿದುಕೊಂಡವನಿಗೆ ಗೇಟು ಬಂದ್. ಸಾವುಕಾರರ ಆಳುಗಳು ಚೀಲ ಎಳೆಯುತ್ತಿದ್ದ ಕಾಲದಲ್ಲಿ ಮಾಡಿದ್ದು.

"ಆ ಕಾನೂನು ಮಾಡಿದವರ್ಯಾರು ಗೊತ್ತೈತೇನ್ರಿ?" ಎಂದ.

ಗೊತ್ತಿತ್ತು. ಮಾವನೇ. ನಮ್ಮವ್ವನ ಎದುರು ಅವನು ಹೇಳುವುದನ್ನು ಎಷ್ಟು ಸಲ ಕೇಳಿದ್ದೆ. ಕಥೆಯಲ್ಲಿ ಆಳುಗಳ ಸಂಖ್ಯೆ ಮಾತ್ರ ಬದಲಾಗುತ್ತಿತ್ತು, ಕಾನೂನು ಬದಲಾಗುತ್ತಿರಲಿಲ್ಲ.

"ನಾಳಿ ಮುಂಜಾನಿ ಸಭಾ ಕೂಡತೈತಿ. ಗುಮಾಸ್ತನೂ ಬರ್ತಾನ. ನಿಮ್ಮನ್ನ ಕೇಳ್ತಾರ."

"ಕಸಕೊಂಡೆ ಅಂದ್ರ?"

"ನಿಮ್ಮ ಗಾಡಿ ಗೇಟಿನೊಳಗ ಬರಂಗಿಲ್ಲ. ಎರಡು ಬೆಳಿ ಬಂದು ಹೋಗೋತನಕ. ಮಾಲು ನಮ್ಮ ಟೆಂಪೊದಾಗ ಬರತೈತಿ, ಉಪವಾಸ ಕೆಡವಂಗಿಲ್ಲ."

"ಒಂದು ಬೆಳೀಗೆ ಇಳಸಾಕ ಬರಂಗಿಲ್ಲೇನು?"

"ಬರಂಗಿಲ್ಲ. ನಿಮಗ ಇಳಿಸಿದ್ರ, ನಾಳೆ ಇನ್ನೊಬ್ಬ ಬ್ಯಾರೇ ಮನಸ್ಸಿಂದ ಎಳೀತಾನ."

ಎದ್ದು ಬಂದಾಗ ಮಾವ ಬೇವಿನ ಗಿಡದ ಕೆಳಗೆ ಕೂತು ಬಿಲ್ಲೆಯನ್ನು ಟವಲಿನ ಚುಂಗಿನಿಂದ ಉಜ್ಜುತ್ತಿದ್ದ. ಪಕ್ಕದಲ್ಲಿ ಕೂತೆ. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಅವನೇ ಕೇಳಿದ: "ಒಗ್ಗರಣಿ ತಿಂದಿಯೇನು?"

"ಇಲ್ಲ."

"ತಿನ್ಬೇಕಿತ್ತು. ಹೊಟ್ಟಿ ತುಂಬಿದ್ರ ಕೈ ಸುಮ್ನ ಇರತಾವ."

"ಮಾವ, ನಾಳೆ ಏನ್ ಹೇಳ್ಲಿ?"

ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ನಿನ್ನ ಬಾಯಿ, ನಿನ್ನ ಮಾತು. ಮಾತಾಡೋದಷ್ಟ ನಾ ಕಲಿಸೀನಿ. ಏನ್ ಮಾತಾಡಬೇಕು ಅಂತ ಯಾವತ್ತರ ಕಲಿಸೀನೇನು?"

ಅರ್ಧ ತುಂಬಿದ ಗಾಡಿ ತಂದು ಅಂಗಡಿಗೆ ಹಚ್ಚಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಕೇಳಿ ಅವಳಿಗೆ ಬಂದ ಸಿಟ್ಟು ನೋಡಿ, ಇದು ನನಗೆ ಬರಬೇಕಿದ್ದ ಸಿಟ್ಟಲ್ಲವೇ ಅನ್ನಿಸಿತು. "ಎರಡೆರಡು ಸಲ ತೆರಿಗಿ ಕಟ್ಟಿ, ಗಾಡಿ ಅಂಗಡಿ ಮುಂದ ನಿಂದ್ರಸ್ತೀರೇನು? ನೀವೇನು ಕಳುವು ಮಾಡೀರೇನು? ಮುದುಕ ಮನಷಾಗ ಆಸರ ಆಗೀರಿ. ಇದ್ದದ್ದು ಇದ್ದಂಗ ಹೇಳ್ರಿ. ಸರಕಾರದ್ದು ಒಂದು ಜುಲುಮು, ಇವರದ್ದೊಂದು." ಸಾರು ಬಡಿಸಿದಳು. ಒಳಗೆ ಹೋಗಿ ರೊಟ್ಟಿ ತಂದಳು. ನನ್ನ ತಟ್ಟೆಗೆ ಹಾಕಿ, ಅಲ್ಲೇ ನಿಂತು, ದನಿ ಇಳಿಸಿ ಕೇಳಿದಳು: "ಬಿಲ್ಲೆ ಹೋದ್ರ ಮಾವಾರು ಮಗಳ ಮನ್ಯಾಗ ಹ್ಯಾಂಗ ಕುಂದ್ರತಾರ?"

ನಾನು ರೊಟ್ಟಿ ಮುರಿದೆ.

ಮರುದಿನ ಸಭೆ ಸೇರಿದ್ದು ಹರಾಜು ಕಟ್ಟೆಯ ತಗಡಿನ ನೆರಳಲ್ಲಿ. ಹಿಂದಿನ ದಿನ ಕೂತವರೆಲ್ಲ ಇದ್ದರು. ಮಾವ ಮುಂದಿನ ಸಾಲಿನಲ್ಲಿ, ಬಿಲ್ಲೆ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದ. ಕೇಳಿದ ಕ್ಷಣ ಕೊಟ್ಟುಬಿಡಲು ತಯಾರಾಗಿ ಬಂದವನ ಹಾಗೆ. ಗುಮಾಸ್ತನಿಗೆ ಕುರ್ಚಿ ಹಾಕಿದ್ದರು.

ಮೇಸ್ತ್ರಿ ಕೇಳಿದ: "ಸಾವ್ಕಾರ್ರ, ನಿಮ್ಮ ಬಾಯಿಂದ ಹೇಳ್ರಿ. ಏಳನೇ ನಂಬರಿನ ಚೀಲ ಅವನಾಗೇ ಕೊಟ್ಟನೋ, ನೀವು ಕಸಕೊಂಡ್ರೋ?"

"ಕಸಕೊಂಡೆ."

"ಯಾಕ?"

"ಸೊಕ್ಕಿಗೆ."

ಗುಸುಗುಸು ಎದ್ದಿತು. ಹಿಂದಿನಿಂದ ಒಬ್ಬ, "ಎಂಥಾ ಸೊಕ್ಕಪಾ?" ಎಂದ. "ಲಿಂಗಸೂಗೂರಾಗ ಎರಡನೇ ಸಲ ತೆರಿಗಿ ಕಟ್ಟಿ ಬಂದಿದ್ದೆ. ಇಲ್ಲಿ ಗೇಟಿಗೂ ಕಟ್ಟಿದೆ. ನನ್ನ ಗಾಡಿ, ನನ್ನ ಮಾಲು, ನಾ ಎತ್ತಿದ್ರ ಇವರದೇನು ಅನಸ್ತು. ಕೈಗೆ ಸಿಕ್ಕ ಚೀಲ ಎಳಕೊಂಡೆ" ಎಂದೆ. "ತೆರಿಗಿ ಸೊಕ್ಕು! ಸರಕಾರದ ಮ್ಯಾಲಿಂದು ಮುದುಕನ ಬೆನ್ನ ಮ್ಯಾಲ!" ಎಂದು ಇನ್ನೊಬ್ಬ ಕೂಗಿದ. ಎಲ್ಲರೂ ನಕ್ಕರು, ಕೆಲವರು ಬೈದರು. ಮುಂದೆ ಕೂತಿದ್ದ ಹೆಣ್ಣಾಳೊಬ್ಬಳು, ಧಾನ್ಯ ಹಸನು ಮಾಡುವವಳು, "ನಿಮ್ಮವ್ವ ಇದ್ದಿದ್ರ ಕೆನ್ನಿಗೆ ಹಾಕತಿದ್ಲು" ಎಂದಳು. ಇರಬಹುದು.

ಗುಮಾಸ್ತ ಕುರ್ಚಿಯಿಂದಲೇ, "ಅಲ್ರೀ, ನಾ ಕಣ್ಣಾರೆ ನೋಡೀನಿ. ಮುದುಕ ನಿಂತಿದ್ದ, ಕಾಲು ನಡಗತಿತ್ತು" ಎಂದ.

ಮೇಸ್ತ್ರಿ, "ನಿಂದ್ರದ ಏನ್ ಮಾಡ್ಯಾನ್ರಿ? ಸಾವ್ಕಾರ್ರು ದಾರಿಗೆ ಅಡ್ಡ ಬಂದಿದ್ರು. ನಿಮ್ಮ ಮುಂದ ಯಾರರ ಹಂಗ ಬಂದ್ರ ನಿಮ್ಮ ಕಾಲೂ ನಡಗತಾವ" ಎಂದ. ಮತ್ತೆ ನಗು. ಗುಮಾಸ್ತ ಕನ್ನಡಕ ಒರೆಸಿಕೊಂಡ. ಅವನಿಗೆ ಗೊತ್ತಿತ್ತು. ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಇಷ್ಟೊಂದು ಜನ ಕೂಡಿ ಗೊತ್ತಿಲ್ಲದಂತೆ ಮಾಡಬಲ್ಲರು ಎಂಬುದೇ ಆ ಸಂಘದ ಶಕ್ತಿ. ಅದಕ್ಕೆ ಕಟ್ಟುವ ತೆರಿಗೆಯನ್ನು ಅವತ್ತು ನಾನು ಕಟ್ಟಿದೆ.

ಎರಡು ಬೆಳೆಗಳವರೆಗೆ ಗೇಟು ಬಂದ್ ಎಂದು ತೀರ್ಮಾನವಾಯಿತು. ನನ್ನ ಗಾಡಿಯ ಚೀಟಿ ತಿರುಗಿ ತೆಗೆದುಕೊಂಡರು. ಕಟ್ಟಿದ್ದು ವಾಪಸ್ ಬರುವುದಿಲ್ಲ ಎಂದೂ ಹೇಳಿದರು. ಮಾವ ಬಿಲ್ಲೆಯನ್ನು ಮತ್ತೆ ತೋಳಿಗೆ ಕಟ್ಟಿಕೊಂಡ. ಒಂದು ಕೈಯಲ್ಲಿ ಗಂಟು ಬೀಳದೆ, ಪಕ್ಕದವನ ಮುಂದೆ ತೋಳು ಚಾಚಿದ. ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಮಸ್ಕಿಗೆ ಬರುವಾಗ ಕಿಟಕಿಯಾಚೆ ಗದ್ದೆಗಳು ಮುಗಿದು ಒಣಭೂಮಿ ಶುರುವಾಗುವವರೆಗೆ ಒಂದೇ ವಿಚಾರ ತಲೆಯಲ್ಲಿ ತಿರುಗುತ್ತಿತ್ತು. ಸಭೆಯಲ್ಲಿ ಸುಳ್ಳು ಹೇಳಿದೆನೆಂದು ಮೇಸ್ತ್ರಿ ತಿಳಿದಿದ್ದಾನೆ, ಹೆಂಡತಿಯೂ ಹಾಗೇ ತಿಳಿಯುತ್ತಾಳೆ. ನನಗೆ ಅಷ್ಟು ಖಾತ್ರಿ ಇಲ್ಲ. ಮಾವನ ಮೊಣಕಾಲು ನೋಡಿ ಹೋದೆನೆಂಬುದು ನಿಜ. ಆದರೆ ಚೀಲ ಎಳೆದ ರಭಸ ಮೊಣಕಾಲಿಗೆ ಸೇರಿದ್ದಲ್ಲ. ಅದು ಲಿಂಗಸೂಗೂರಿನ ಸಾಲಿನಲ್ಲಿ ಕೆಳಗಿಳಿದ ಸಿಟ್ಟು, ಗೇಟಿನಲ್ಲಿ ಮತ್ತೊಮ್ಮೆ ಕೆಳಗಿಳಿದದ್ದು. ಕರುಣೆ ಎಷ್ಟು, ಸೊಕ್ಕು ಎಷ್ಟು, ಕೈಗೆ ಗೊತ್ತಿರಬೇಕು. ನನಗೆ ಗೊತ್ತಿಲ್ಲ.

ಈಗ ನನ್ನ ಅಕ್ಕಿ ಸಂಘದವರ ಟೆಂಪೊದಲ್ಲಿ ಬರುತ್ತದೆ. ಅವರ 'ಪಾಳಿ' ಬಂದಾಗ ಬರುತ್ತದೆ, ಗಿರಾಕಿ ಎದ್ದು ಹೋದ ಮೇಲೆ ಬರುತ್ತದೆ. ಷಡ್ಡಕ ಫೋನು ಮಾಡಿದಾಗ ಅರ್ಜಿ ಏನಾಯಿತೆಂದು ಕೇಳುತ್ತೇನೆ. ಅವನು "ಏಂ ಕಾದು" ಎನ್ನುವುದನ್ನು ಬಿಟ್ಟಿದ್ದಾನೆ. ನಾನು ಒಂದು ಬದಲಾವಣೆ ಮಾಡಿದ್ದೇನೆ. ಐವತ್ತರ ಚೀಲ ಬೇಡ, ಇಪ್ಪತ್ತೈದರವು ಮಾತ್ರ ಕಳಿಸಿರಿ, ನಮ್ಮ ಗಿರಾಕಿಗಳು ಅದನ್ನೇ ಕೇಳುತ್ತಾರೆ ಎಂದು ಮೇಸ್ತ್ರಿಗೆ ಹೇಳಿದೆ. ಅವನು ಯಾಕೆಂದು ಕೇಳಲಿಲ್ಲ. ಮುಂದಿನ ಶುಕ್ರವಾರ ಟೆಂಪೊದ ಜೊತೆ ಮಾಲು ಇಳಿಸಲು ಕಳಿಸಿದ ಇಬ್ಬರಲ್ಲಿ ಒಬ್ಬ ಮಾವ.

ಮಾವ ಟೆಂಪೊದಿಂದ ಇಳಿದು, ಚೀಲಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಸಭೆಯ ನಂತರ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು: "ಏನ್ಲೇ ಅಳಿಯಾ, ಮಸ್ಕ್ಯಾಗ ಮಂದಿ ಹೊಟ್ಟಿ ಸಣ್ಣ ಆಗ್ಯಾವೇನು?"

"ಹೂಂ ಮಾವ. ತುಟ್ಟಿ ಕಾಲ."

"ಆಗ್ತಾವ, ಆಗ್ತಾವ" ಎಂದ.

ಜೊತೆಗಾರ ಎರಡೆರಡು ಚೀಲ ಹೊತ್ತು ಒಳಗೆ ಹೋಗಿ ಬಂದ. ಮಾವ ಒಂದು ಚೀಲ ಬೆನ್ನಿಗೆ ಹಾಕಿಕೊಂಡು ಹೊರಟ. ರಸ್ತೆ ದಾಟಿದ. ಗಟಾರದ ಮೇಲಿನ ಕಲ್ಲು ದಾಟಿದ. ಅಂಗಡಿಯ ಮೆಟ್ಟಿಲಿನ ಕೆಳಗೆ ಬಂದು ನಿಂತ. ಬಲ ಮೊಣಕಾಲು ಅಲುಗತೊಡಗಿತು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹೆಂಡತಿ ತಕ್ಷಣ ಎದ್ದು ಒಳಗೆ ಹೋಗಿ ನೀರಿನ ತಂಬಿಗೆ ತೊಳೆಯತೊಡಗಿದಳು. ಜೊತೆಗಾರ ತಲೆಯ ಟವಲು ಬಿಚ್ಚಿದ.

ನಾನು ಗಾಡಿಯ ಕಡೆ ತಿರುಗಿ, ತಾಡಪತ್ರಿಯ ಹಗ್ಗ ಬಿಚ್ಚಿ, ಮನಸ್ಸಿನಲ್ಲೇ ಐವತ್ತು ಎಣಿಸುತ್ತ, ಮತ್ತೆ ಕಟ್ಟತೊಡಗಿದೆ.